ನಮ್ಮ ದೊಣೆಯನ್ನು ಜ್ವಾಲಾಮುಖಿ ಮಾಡಿದ್ದೆ

ಕಳೆದ ಬೇಸಿಗೆಯಲ್ಲಿ ದೇವಸಮುದ್ರದ ಹತ್ತಿರದ ಗುಡ್ಡವೊಂದರ ಮೇಲಿನ ದೊಣೆ ಬಗ್ಗೆ ಸುದ್ದಿ ಕಳಿಸಿದ್ದೆ. ಸುತ್ತ ಬೋರ್‌ವೆಲ್ ಬತ್ತಿದ್ದರೂ ಅಲ್ಲಿ ನೀರಿತ್ತು. ಅದೇ ವಾರ ಮೆಕ್ಸಿಕೋದ ತೊಲೂಕ ಬೆಟ್ಟದ ವಿಡಿಯೋ ಮೊಬೈಲಿಗೆ ಬಂದಿತ್ತು. ಸುಮ್ಮನಾದ ಜ್ವಾಲಾಮುಖಿ, ಅದರ ಬಾಯೊಳಗೆ ಸುಮಾರು 4,200 ಮೀಟರ್ ಎತ್ತರದಲ್ಲಿ ಸೂರ್ಯ, ಚಂದ್ರ ಎಂಬ ಎರಡು ಕೆರೆ. ನಮ್ಮದೂ ಹಾಗೇ ಕಂಡಿತು. ‘ಇದೂ ಜ್ವಾಲಾಮುಖಿಯ ಬಾಯಿ ಇರಬಹುದು’ ಅಂತ ಒಂದು ಸಾಲು ಸೇರಿಸಿದೆ. ಅಚ್ಚಾಗುವಾಗ ‘ಇರಬಹುದು’ ಬಿದ್ದುಹೋಯಿತು.

ವಾರದ ನಂತರ ಚಹಾ ಅಂಗಡಿ ಮುಂದೆ ಕುರಿ ಕಾಯುವ ಅಜ್ಜ ತಡೆದರು. "ಪೇಪರ್‌ನಾಗೆ ನೀನೇ ಬರ್ದಿದ್ದಂತಲ್ಲಪ್ಪ. ಕುರಿ ಆ ಕಡೆ ಹೊಡೀಲೋ ಬ್ಯಾಡ್ವೋ? ಮನೇಲಿ ಹೆದರ್ಕೊಂಡವ್ರೆ."

ನನ್ನ ಬಳಿ ಉತ್ತರ ಇರಲಿಲ್ಲ.

ಪರಿಚಯದ ಭೂವಿಜ್ಞಾನದ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ನಕ್ಕು, "ನಿಜವಾದ ಲಾವಾ ನಮ್ಮ ಜಿಲ್ಲೆಯಲ್ಲೇ ಇದೆ, ಮೊದಲು ಮರಡಿಹಳ್ಳಿ ನೋಡಿ ಬಾ" ಅಂದರು. ಬೈಕಿನಲ್ಲಿ ಚಳ್ಳಕೆರೆ, ಹಿರಿಯೂರು ದಾಟಿ ಐಮಂಗಲದ ಕಡೆ ಹೋದೆ.

ಅಲ್ಲಿ ಶಿಖರವೂ ಇಲ್ಲ, ಕೆರೆಯೂ ಇಲ್ಲ. ಹಸಿರು ಛಾಯೆಯ ಕಪ್ಪು ಬಂಡೆ. ಚಳ್ಳಕೆರೆ ಮಂಡಿಯಲ್ಲಿ ಶೇಂಗಾ ಚೀಲ ಪೇರಿಸಿಟ್ಟ ಹಾಗೆ ಉಬ್ಬುಬ್ಬು ಕಲ್ಲು, ಒಂದರ ಮೇಲೊಂದು. ದಿಂಬು ಲಾವಾ ಅಂತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಸ್ಮಾರಕ ಅಂತ ಸಾರಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ್ದು. ಬೆಲ್ಲದ ಪಾಕ ಹದಕ್ಕೆ ಬಂತಾ ಅಂತ ಒಂದು ಹನಿ ತಣ್ಣೀರಿಗೆ ಬಿಡ್ತಾರಲ್ಲ, ಗಟ್ಟಿ ಉಂಡೆಯಾಗುತ್ತೆ, ಹಾಗೆ. ಹೊರಮೈ ಕೂಡಲೇ ಬಿಗಿದು, ಒಳಗಿನ ಬಿಸಿ ಅದನ್ನು ಸೀಳಿ ಹೊರಬಂದು ಇನ್ನೊಂದು ಉಂಡೆ ಕಟ್ಟುತ್ತೆ. ನಮ್ಮೂರ ಹೆಸರಿನ ‘ಸಮುದ್ರ’ ಅಂದರೆ ಕೆರೆ. ಇಲ್ಲಿ ಒಂದು ಕಾಲಕ್ಕೆ ನಿಜವಾಗಿಯೂ ಕಡಲೇ ಇತ್ತು!

ವಾಪಸ್ ಬಂದು ದೊಣೆ ಹತ್ತಿದೆ. ನೀವೂ ಹತ್ತಿದಾಗ ಕಲ್ಲನ್ನು ಹತ್ತಿರದಿಂದ ನೋಡಿ. ಬಿಳಿ, ಗುಲಾಬಿ, ಕಪ್ಪು ಕಾಳು ಬರಿಗಣ್ಣಿಗೇ ಕಾಣುತ್ತವೆ. ಇದು ಗ್ರಾನೈಟ್. ನೆಲದಾಳದಲ್ಲೇ ನಿಧಾನವಾಗಿ ಆರಿದ್ದರಿಂದ ಕಾಳು ದಪ್ಪ. ಮೇಲಕ್ಕೆ ಉಕ್ಕಿ ಬೇಗ ಆರಿದ ಲಾವಾದಲ್ಲಿ ಕಾಳು ಹುಡುಕಿದರೂ ಸಿಗೋದು ಕಷ್ಟ. ನಮ್ಮ ದೊಣೆ ಬೆಂಕಿಯ ಬಾಯಲ್ಲ, ಬಂಡೆ ಸವೆದು ಆದ ಗುಂಡಿ. ಅದರಲ್ಲಿ ನಿಂತಿರೋದು ಮಳೆನೀರು.

ತಿದ್ದುಪಡಿ ಬರೆದು ಕಳಿಸಿದೆ, ಅಚ್ಚಾಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ. ಅಜ್ಜನಿಗೆ ಮಾತ್ರ ಮನೆಗೇ ಹೋಗಿ ಹೇಳಿದೆ.

"ಮಳೆನೀರು ಅಂತ ನಂಗೊತ್ತಿಲ್ವೇನಪ್ಪ? ನೀ ಓದಿದೋನು ಬರ್ದಿದ್ದೀಯ ಅಂತ ಸುಮ್ಕಿದ್ದೆ" ಅಂದರು.