ಅಪ್ಪನ ರೋಡ್‌ಕಿಂಗ್ ಕೀಲಿ

ನಾನು ಜೀವನದಲ್ಲಿ ಒಂದೇ ಒಂದು ಸಲ ಕಳ್ಳತನ ಮಾಡಿದ್ದೇನೆ. ಕದ್ದಿದ್ದು ನಮ್ಮಪ್ಪನ ಯೆಜ್ಡಿ ರೋಡ್‌ಕಿಂಗ್ ಕೀಲಿ.

ಅಪ್ಪ ಸಿರುಗುಪ್ಪದಲ್ಲಿ ಭತ್ತದ ದಲಾಲಿ ಮಾಡುತ್ತಿದ್ದವರು. 1986ರಲ್ಲಿ ಬಳ್ಳಾರಿಯಿಂದ ಹೊಸ ಗಾಡಿ ತಂದಾಗ ನನಗೆ ಆರು ವರ್ಷ. ಟ್ಯಾಂಕಿನ ಮೇಲೆ ನಾನು, ಹಿಂದೆ ಅಮ್ಮ, ಅಮ್ಮನ ತೊಡೆ ಮೇಲೆ ತಮ್ಮ. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಗೆ ಹೀಗೇ ಹೋಗುತ್ತಿದ್ದೆವು. ಸಂಜೆ ದೂರದಲ್ಲಿ ಅದರ ಸದ್ದು ಕೇಳಿದರೆ ಅಮ್ಮ ಚಹಾಕ್ಕೆ ನೀರಿಡುತ್ತಿದ್ದಳು.

ಗಾಡಿಯ ವಂಶಾವಳಿ ಹೇಳೋದಂದ್ರೆ ಅಪ್ಪನಿಗೆ ಬಲು ಇಷ್ಟ. ಪ್ರಾಗ್‌ನಲ್ಲಿ 1929ರಲ್ಲಿ ಜಾನೆಚೆಕ್ ಅನ್ನುವವರು ವಾಂಡರರ್ ಕಂಪನಿಯ ಮೋಟರ್‌ಸೈಕಲ್ ತಯಾರಿಕೆ ಕೊಂಡು, ಎರಡೂ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ 'ಜಾವಾ' ಮಾಡಿದರಂತೆ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. 1978ರಲ್ಲಿ ರೋಡ್‌ಕಿಂಗ್. 1996ರಲ್ಲಿ ಕಾರ್ಖಾನೆಗೆ ಬೀಗ. ಅಲ್ಲಿಗೆ ಬಂದಾಗ ಅಪ್ಪನ ದನಿ ಇಳಿಯುತ್ತಿತ್ತು, ಮನೆಯವರೇ ಯಾರೋ ತೀರಿಕೊಂಡ ಹಾಗೆ.

ಅಪ್ಪನಿಗೀಗ 74. ಹೋದ ವರ್ಷ ತೆಕ್ಕಲಕೋಟೆ ಹತ್ತಿರ ಹಂಪು ಕಾಣದೆ ಬಿದ್ದರು. ಮೊಣಕಾಲಿಗೆ ಏಳು ಹೊಲಿಗೆ. ಬಳ್ಳಾರಿಯಿಂದ ಓಡಿಬಂದ ತಮ್ಮ, "ಅಕ್ಕಾ, ಮಾರಿಬಿಡೋಣ. ಹಳೇ ಗಾಡಿ ಕೂಡಿಡೋರು ಬೆಂಗಳೂರಲ್ಲಿ ಒಳ್ಳೇ ರೇಟು ಕೊಡ್ತಾರೆ" ಅಂದ. ಮಾರೋಕೆ ನನಗೂ ಮನಸ್ಸಿಲ್ಲ, ಓಡಿಸೋಕೆ ಬಿಡೋ ಧೈರ್ಯವೂ ಇಲ್ಲ. ಮೊಳೆಗೆ ತೂಗುಹಾಕಿದ್ದ ಕೀಲಿಯನ್ನು ಯಾರಿಗೂ ಹೇಳದೆ ಬ್ಯಾಗಿಗೆ ಹಾಕಿಕೊಂಡು ಕುರುಗೋಡಿಗೆ, ನನ್ನ ಮನೆಗೆ ಬಂದುಬಿಟ್ಟೆ.

ದಿನಾ ರಾತ್ರಿ ಎಂಟಕ್ಕೆ ಬರುತ್ತಿದ್ದ ಅಪ್ಪನ ಫೋನು ನಿಂತಿತು. ಒಂಬತ್ತು ದಿನ. ಹತ್ತನೇ ದಿನ ಅಮ್ಮ ಮಾಡಿದಳು. "ಬೆಳಗ್ಗೆ ಎದ್ದು ಗಾಡಿ ಒರೆಸ್ತಾರೆ, ಮತ್ತೆ ಬಂದು ಕೂಡ್ತಾರೆ. ಕೀಲಿ ಎಲ್ಲಿ ಅಂತ ಒಂದ್ ಸಲಾನೂ ಕೇಳಿಲ್ಲ ಕಣವ್ವಾ. ಬೈದಿದ್ರೆ ಚಲೋ ಇತ್ತು."

ಆ ಭಾನುವಾರವೇ ಮಗನನ್ನು ಕರಕೊಂಡು ಹೋದೆ. ಅವನಿಗೆ ಹತ್ತೊಂಬತ್ತು, ಹಾರ್ಲೆ ಡೇವಿಡ್‌ಸನ್ ಹುಚ್ಚು. 1903ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಶುರುವಾದ ಕಂಪನಿ, ಈಗ ಹೀರೋ ಜೊತೆ ಸೇರಿ ಇಲ್ಲೇ ಎಕ್ಸ್440 ಮಾಡುತ್ತೆ, ನೌಕರಿ ಸಿಕ್ಕಮೇಲೆ ಅದೇ ತಗೊಳ್ಳೋದು ಅಂತ ದಿನವೂ ಪಾರಾಯಣ. ಅಪ್ಪ ನನ್ನ ಮುಖ ನೋಡಲಿಲ್ಲ. ಹುಡುಗ ಮೊಬೈಲ್ ಹಿಡಿದು ಪಕ್ಕದಲ್ಲಿ ಕೂತ.

"ತಾತ, ಹಾರ್ಲೆದಾಗೂ ರೋಡ್ ಕಿಂಗ್ ಐತೆ ನೋಡು. ನಿಮ್ಮೋರು ಹೆಸರು ಕದ್ದಾರೇನು?"

"ಅದು ಯಾವ ವರ್ಷದ್ದು?"

"1994."

"ನಮ್ದು 1978. ಈಗ ಹೇಳು, ಕದ್ದೋರು ಯಾರು?" ಅಂದು ಅಪ್ಪ ನಿಧಾನಕ್ಕೆ ನನ್ನ ಕಡೆ ತಿರುಗಿದರು.

ನಾನು ಬ್ಯಾಗಿನಿಂದ ಕೀಲಿ ತೆಗೆದು ಅವರ ಮುಂದಿಟ್ಟೆ. "ತಪ್ಪಾಯ್ತಪ್ಪ. ನೀವು ಮತ್ತೆ ಬಿದ್ದೀರಿ ಅಂತ ಹೆದರಿಕೆ ಆಗಿತ್ತು" ಅಂದೆ.

"ನನಗೂ ಆಗಿತ್ತು" ಅಂದರು ಅಪ್ಪ. "ಬಾಯಿಬಿಟ್ಟು ಬೇಡ ಅಂದಿದ್ರೆ ನಾನೇ ಕೊಡ್ತಿದ್ದೆ."

ಸ್ವಲ್ಪ ಹೊತ್ತಿನ ಮೇಲೆ ಕೀಲಿಯನ್ನು ಮೊಮ್ಮಗನ ಕಡೆ ಸರಿಸಿದರು. "ಲೈಸೆನ್ಸ್ ಐತೇನು?"

ಅವತ್ತು ಅಂಗಳದಲ್ಲೇ ಪಾಠ. ಪೆಟ್ರೋಲಿಗೆ ಆಯಿಲ್ ಬೆರೆಸೋದು, ಎಡಗಾಲಿನ ಒಂದೇ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ಮುಂದಕ್ಕೆ ತಂದರೆ ಗೇರು. ಹುಡುಗ ಹತ್ತು ಸಲ ಒದ್ದು ಬೆವತುಹೋದ. ಹನ್ನೊಂದನೆಯದಕ್ಕೆ ಎರಡೂ ಸೈಲೆನ್ಸರಿನಿಂದ ಹೊಗೆ ಬಂತು. ಒಳಗೆ ಅಮ್ಮ ಚಹಾಕ್ಕಿಟ್ಟಳು.

ಈ ಸಲ ಕುರುಗೋಡು ಜಾತ್ರೆಗೆ ಅಪ್ಪ ಅದೇ ಗಾಡಿಯಲ್ಲಿ ಬಂದರು, ಮೊಮ್ಮಗನ ಹಿಂದೆ, ಹೆಲ್ಮೆಟ್ ಹಾಕಿಕೊಂಡು. ತಮ್ಮ ಮಾರುವ ಮಾತೆತ್ತಲಿಲ್ಲ. ವಯಸ್ಸಾದವರ ಕೈಯಿಂದ ಏನನ್ನಾದರೂ ತೆಗೆದುಕೊಳ್ಳುವಾಗ ಅವರನ್ನೇ ಕೇಳಬೇಕು ಅನ್ನೋದು ನನಗೆ ನಲವತ್ತು ದಾಟಿದ ಮೇಲೆ ಗೊತ್ತಾಯಿತು.

"ಅಮ್ಮಾ, ತಾತ ಹಿಂದೆ ಕೂತ್ರೂ ಊರು ಬಂದಾಗೆಲ್ಲ ಎಡಗಾಲು ಒತ್ತುತಾ ಇರ್ತಾರೆ" ಅಂತ ಮಗ ಗುಟ್ಟಾಗಿ ಹೇಳಿ ನಕ್ಕ. ಒತ್ತಲಿ ಬಿಡು ಅಂದೆ.