ಕೊಳಚೆ ನೀರಿಗೆ ಬಿಸಿಲಿನ ಕರೆಂಟು

ಸೋಲಾಪುರ ಸೀಮೆಯ ನಮಗೆ ಬಿಸಿಲಿಗೆ ಬರವಿಲ್ಲ, ನೀರಿಗೆ ಬರ. ಭೀಮಾ ನದಿಯ ಉಜನಿ ಜಲಾಶಯವೇ ಸೋಲಾಪುರ ನಗರಕ್ಕೆ ದೊಡ್ಡ ಆಸರೆ. ಪುಣೆಯ ಕೊಳಚೆ ಮುಳಾ-ಮುಠಾ ನದಿಯಲ್ಲಿ ಇಳಿದು, ಭೀಮೆಯನ್ನು ಕೂಡಿ, ಅದೇ ಜಲಾಶಯಕ್ಕೆ ಬರುತ್ತದೆ. ಮುಂದೆ ಭೀಮೆ ಕರ್ನಾಟಕದ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಹರಿಯುತ್ತಾಳೆ. ಮೇಲಿನ ಊರು ಕೊಳಚೆಯನ್ನು ಶುದ್ಧ ಮಾಡಿ ಬಿಟ್ಟಿತೇ ಎಂಬುದು ಕೆಳಗಿನವರ ಕೊಡದ ಪ್ರಶ್ನೆ.

ಶುದ್ಧೀಕರಣ ಘಟಕದಲ್ಲಿ ಕೊಳೆ ತಿನ್ನುವವು ಬ್ಯಾಕ್ಟೀರಿಯಾಗಳು. ಅವಕ್ಕೆ ಉಸಿರಾಡಲು ಆಮ್ಲಜನಕ ಬೇಕು. ಅದಕ್ಕಾಗಿ ತೊಟ್ಟಿಗೆ ಸದಾ ಗಾಳಿ ಊದಬೇಕು. ಇಂಥ ಘಟಕದ ಕರೆಂಟಿನಲ್ಲಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಈ ಗಾಳಿಗೇ ಹೋಗುತ್ತದೆ. ಬಿಲ್ಲು ಕಟ್ಟಲಾಗದೆ ಯಂತ್ರ ನಿಲ್ಲಿಸಿದರೆ ಕೊಳಚೆ ಕಾಯುವುದಿಲ್ಲ, ನೇರ ಹೊಳೆ ಸೇರುತ್ತದೆ.

ನಾವು ಎಂಟನೆಯ ತರಗತಿಯ ಮಕ್ಕಳೊಂದಿಗೆ ಹಲಗೆಯ ಮೇಲೆ ಒಂದು ಲೆಕ್ಕ ಹಾಕಿದೆವು. ಹತ್ತು ಸಾವಿರ ಜನರ ಊರು. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ. 80 ಕೊಳಚೆ. ಒಟ್ಟು ಸುಮಾರು 11 ಲಕ್ಷ ಲೀಟರ್. ಸಾವಿರ ಲೀಟರಿಗೆ 0.4 ಯೂನಿಟ್ ಹಿಡಿದರೆ ದಿನಕ್ಕೆ 440 ಯೂನಿಟ್. ಒಂದು ಕಿಲೋವ್ಯಾಟ್ ಸೌರ ಫಲಕ ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅಂದರೆ 110 ಕಿಲೋವ್ಯಾಟ್ ಬೇಕು. ಕಿಲೋವ್ಯಾಟಿಗೆ 10 ಚದರ ಮೀಟರ್ ಎಂದರೆ ಜಾಗ ಹನ್ನೊಂದು ಗುಂಟೆ! ಮಕ್ಕಳಿಗೆ ನಂಬಿಕೆಯೇ ಬರಲಿಲ್ಲ. ಎರಡು ಸಲ ಗುಣಿಸಿ ನೋಡಿದರು.

ಆಗ ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು: "ರಾತ್ರಿ ಏನ್ ಮಾಡ್ತಾರ್ರಿ ಸರ್? ಆ ಹುಳಕ್ಕ ರಾತ್ರಿ ಉಸಿರು ಬ್ಯಾಡೇನ್ರಿ?"

ಇಡೀ ಪಾಠದ ಗಂಟು ಇಲ್ಲೇ ಇದೆ. ಬ್ಯಾಕ್ಟೀರಿಯಾಕ್ಕೆ ರಾತ್ರಿಯೂ ಗಾಳಿ ಬೇಕು, ಮಳೆಗಾಲದ ಮೋಡದ ದಿನವೂ ಬೇಕು. ಹಗಲು ಹೆಚ್ಚಾದ ಕರೆಂಟನ್ನು ವಿದ್ಯುತ್ ಜಾಲಕ್ಕೆ ಕೊಟ್ಟು ರಾತ್ರಿ ಮರಳಿ ಪಡೆಯಬಹುದು. ದೊಡ್ಡ ಘಟಕಗಳಲ್ಲಿ ತಳದ ಕೆಸರಿನಿಂದ ಬರುವ ಗೋಬರ್ ಗ್ಯಾಸಿನಂಥ ಅನಿಲದಿಂದಲೂ ಕರೆಂಟು ಮಾಡುತ್ತಾರೆ. ಸೂರ್ಯ ಒಬ್ಬನೇ ಎಲ್ಲವನ್ನೂ ಮಾಡಲಾರ. ಆದರೆ ಬಿಲ್ಲಿನ ದೊಡ್ಡ ಭಾರ ಇಳಿಸಬಲ್ಲ.

ಪಾಲಕರೇ, ನಿಮ್ಮ ಊರಲ್ಲಿ ಘಟಕ ಕಟ್ಟುವ ಮಾತು ಬಂದಾಗ ಖರ್ಚೆಷ್ಟು ಎಂದಷ್ಟೇ ಕೇಳಬೇಡಿರಿ. ಕಟ್ಟಿದ ಮೇಲೆ ದಿನಾ ನಡೆಸಲು ಕರೆಂಟು ಎಲ್ಲಿಂದ, ರಾತ್ರಿಗೆ ಏನು ಎಂದೂ ಕೇಳಿರಿ. ನಮ್ಮ ಮಕ್ಕಳು ಕೇಳಲು ಕಲಿತಿದ್ದಾರೆ.