ಹೊಸ ಹೈಲಕ್ಸ್ ಬರೋವರೆಗೆ

ನಮ್ಮನೆ ವಾಟ್ಸಾಪ್ ಗ್ರೂಪಿನಲ್ಲಿ ಸಾಮಾನ್ಯವಾಗಿ ಬರೋದು ಮೂರೇ ವಿಷಯ. ಮಳೆ ಎಷ್ಟು ಇಂಚು, ಕಾಫಿ ರೇಟು ಎಷ್ಟು, ಆನೆ ಯಾವ ಕಡೆ ಇದೆ. ಈಗ ನಾಲ್ಕನೆಯದೊಂದು ಸೇರಿಕೊಂಡಿದೆ: ಹೊಸ ಹೈಲಕ್ಸ್ ಇಲ್ಲಿಗೆ ಯಾವಾಗ ಬರುತ್ತೆ?

ಶುರು ಮಾಡಿದ್ದು ನಾನೇ. 2025ರ ನವೆಂಬರ್‌ನಲ್ಲಿ ಟೊಯೋಟಾದವರು ಥಾಯ್ಲೆಂಡಿನಲ್ಲಿ ಹೊಸ ತಲೆಮಾರಿನ ಹೈಲಕ್ಸ್ ತೋರಿಸಿದ್ರು. ಬೆಂಗಳೂರಿನ ನನ್ನ ಪಿಜಿಯಲ್ಲಿ ರಾತ್ರಿ ಒಂದು ಗಂಟೆವರೆಗೂ ಕೂತು ವಿಡಿಯೋ ನೋಡಿ ಲಿಂಕ್ ಕಳಿಸಿದೆ. ಬೆಳಿಗ್ಗೆ ಅಪ್ಪ ಒಂದು ಹೆಬ್ಬೆರಳು ಒತ್ತಿ ಸುಮ್ಮನಾದ್ರು.

ಕಾರಣ ಹೇಳ್ತೀನಿ. ಸಕಲೇಶಪುರದ ಹತ್ತಿರ ನಮ್ಮದು ಇಪ್ಪತ್ತೆರಡು ಎಕರೆ ತೋಟ. ಕಾಫಿ ಮೂಟೆ, ಗೊಬ್ಬರ, ಪಂಪ್‌ಸೆಟ್, ಮೆಣಸು ಕೊಯ್ಯೋ ಏಣಿ ಎಲ್ಲಾ ಹೊರೋದು ಅಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಒಂದು ಹಳೇ ಫೋರ್ ವೀಲ್ ಪಿಕಪ್. ವಯಸ್ಸಲ್ಲಿ ನನಗಿಂತ ಮೂರೇ ವರ್ಷ ಚಿಕ್ಕದು. ಪವರ್ ಸ್ಟೀರಿಂಗ್ ಇಲ್ಲ. ಹೋದ ಜುಲೈನಲ್ಲಿ ಕೆಳಗಿನ ಬ್ಲಾಕಿಗೆ ಇಳಿಯುವಾಗ ಕಲ್ಲಿಗೆ ಚಕ್ರ ಹೊಡೆದು ಸ್ಟೀರಿಂಗ್ ತಿರುಗಿಬಿಟ್ಟಿದೆ. ಅಪ್ಪನ ಎಡಭುಜ ಎರಡು ವರ್ಷದಿಂದ ಸರಿಯಿಲ್ಲ, ಹಿಡಿಯೋಕಾಗಿಲ್ಲ. ಗಾಡಿ ಚರಂಡಿಗೆ ವಾಲಿ ನಿಂತಿದೆ. ಅಲ್ಲಿ ನೆಟ್‌ವರ್ಕ್ ಇಲ್ಲ. ಆ ಮಳೆಯಲ್ಲಿ ಒಬ್ಬರೇ ನಡೆದು ಮನೆ ಸೇರಿದ್ದಾರೆ. ನನಗೆ ಗೊತ್ತಾಗಿದ್ದು ಮೂರು ದಿನ ಆದಮೇಲೆ, ಅದೂ ಅಮ್ಮ ಬೇರೇನೋ ಮಾತಾಡ್ತಾ ಬಾಯಿತಪ್ಪಿ ಹೇಳಿದ್ದಕ್ಕೆ.

ಅವತ್ತಿಂದ ನನ್ನ ತಲೆಯಲ್ಲಿ ಒಂದೇ: ಅಪ್ಪನಿಗೆ ಒಳ್ಳೇ ಗಾಡಿ ಕೊಡಿಸಬೇಕು. ನನ್ನ ಸೇವಿಂಗ್ಸ್ ಇದೆ, ಎರಡು ವರ್ಷದಿಂದ ಕಾಫಿಗೆ ರೇಟೂ ಚೆನ್ನಾಗಿದೆ, ಉಳಿದದ್ದು ಲೋನ್.

ಹೊಸ ಹೈಲಕ್ಸ್ ನೋಡಿ ಕೆಲವರು ‘ಹಳೇ ಗಾಡಿಗೆ ಹೊಸ ಬಟ್ಟೆ’ ಅಂದ್ರು. ಹೊರಗಿನ ಆಕಾರ, ಒಳಗಿನ ಡ್ಯಾಶ್‌ಬೋರ್ಡ್, ದೊಡ್ಡ ಸ್ಕ್ರೀನ್ ಎಲ್ಲಾ ಹೊಸದು. ಅಡಿಯಲ್ಲಿ ಮಾತ್ರ ಅದೇ ಲ್ಯಾಡರ್ ಫ್ರೇಮ್, ಹಿಂದೆ ಅದೇ ಲೀಫ್ ಸ್ಪ್ರಿಂಗ್ ಪಟ್ಟಿಗಳು, ಅದೇ 2.8 ಲೀಟರ್ ಡೀಸೆಲ್. ನನಗೆ ಸಮಾಧಾನ ಆಗಿದ್ದೇ ಅದರಿಂದ. ಖಾಲಿ ಇದ್ದಾಗ ಲೀಫ್ ಸ್ಪ್ರಿಂಗ್ ಸೊಂಟ ಮುರಿಯೋ ಹಾಗೆ ಕುಣಿಸುತ್ತೆ ನಿಜ, ಆದ್ರೆ ಮೂಟೆ ಹೇರಿದಾಗ ಅದರಷ್ಟು ನಂಬಿಕೆಯದು ಬೇರೆ ಇಲ್ಲ. ಈಗಿನದರಂತೆ ಹೊಸದೂ 700 ಮಿಲಿಮೀಟರ್ ನೀರಲ್ಲಿ ಇಳಿಯುತ್ತೆ ಅಂತಾರೆ. ನಮ್ಮ ಹಳ್ಳಕ್ಕೆ ಅಷ್ಟು ಸಾಕು.

ನನ್ನ ಆಸೆ ಎಲ್ಲಾ ಇದ್ದಿದ್ದು ಸ್ಟೀರಿಂಗ್ ಮೇಲೆ. ಹಳೇ ಹೈಲಕ್ಸ್‌ನದು ಹೈಡ್ರಾಲಿಕ್, ಹೊಸದರಲ್ಲಿ ಎಲೆಕ್ಟ್ರಿಕ್. ನಿಧಾನಕ್ಕೆ ಹೋಗುವಾಗ ಹಗುರ, ಕಲ್ಲಿಗೆ ಹೊಡೆದ್ರೆ ಕೈಗೆ ಬರೋ ಒದೆತ ಕಡಿಮೆ. ಆ ಭುಜಕ್ಕೆ ಇದಕ್ಕಿಂತ ಇನ್ನೇನು ಬೇಕು?

ಅನುಮಾನಗಳೂ ಕಮ್ಮಿ ಇರಲಿಲ್ಲ. 2022ರಲ್ಲಿ ಇಲ್ಲಿ ಬಂದಾಗ ಹೈಲಕ್ಸ್ ಬೆಲೆ ಎಕ್ಸ್‌ಶೋರೂಂ 33.99 ಲಕ್ಷದಿಂದ ಶುರು ಇತ್ತು, ಆಮೇಲೆ 30 ಲಕ್ಷದ ಹತ್ತಿರಕ್ಕೆ ಇಳಿಸಿದ್ರು. ನಮ್ಮ ಬಿಡದಿಯಲ್ಲೇ ಜೋಡಣೆ ಆದ್ರೂ ಇಷ್ಟು. ಹೊಸದಕ್ಕೆ ಎಷ್ಟು ಹೇಳ್ತಾರೋ. ಪೂರ್ತಿ ಎಲೆಕ್ಟ್ರಿಕ್ ಹೈಲಕ್ಸ್ ಕೂಡ ಬಂದಿದೆ, 59.2 ಕಿಲೋವ್ಯಾಟ್ ಅವರ್ ಬ್ಯಾಟರಿ, ಒಂದು ಚಾರ್ಜಿಗೆ ಸುಮಾರು 240 ಕಿಲೋಮೀಟರ್. ಆದ್ರೆ ಮಳೆಗಾಲದಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟಿಲ್ಲದ ಊರಲ್ಲಿ ಅದನ್ನ ಚಾರ್ಜ್ ಮಾಡೋದೆಲ್ಲಿ? ಪೇಟೆ ಗ್ಯಾರೇಜಿನ ಅಣ್ಣನಿಗೆ ಫೋಟೋ ತೋರಿಸಿದೆ. “ಚೆನ್ನಾಗಿದೆ ಮೇಡಂ. ಆದ್ರೆ ಲ್ಯಾಪ್‌ಟಾಪ್ ಇಲ್ದೆ ಇದಕ್ಕೆ ಕೈ ಹಾಕೋಕಾಗಲ್ಲ” ಅಂದ್ರು.

ಡಿಸೆಂಬರಿನಲ್ಲಿ ಕೊಯ್ಲು ಶುರುವಾದಾಗ ಊರಿಗೆ ಹೋದೆ. ಕಣದಲ್ಲಿ ಕಾಫಿ ಹರಡಿತ್ತು. ಅಪ್ಪ ಒಂದು ಹಗ್ಗ ತಗೊಂಡು, “ನಿನ್ನ ಗಾಡಿ ಉದ್ದ ಎಷ್ಟು?” ಅಂದ್ರು. ಹೈಲಕ್ಸ್ 5.3 ಮೀಟರ್. ಅಂದ್ರೆ ಹದಿನೇಳೂವರೆ ಅಡಿ ಹತ್ತಿರ. ಅಷ್ಟು ಹಗ್ಗ ಅಳೆದು, ಕೆಳಗಿನ ಬ್ಲಾಕಿಗೆ ಇಳಿಯೋ ಎರಡನೇ ತಿರುವಿಗೆ ಹೋದ್ವಿ. ಆ ತುದಿ ಅವರು, ಈ ತುದಿ ನಾನು. ಸಿಲ್ವರ್ ಓಕ್ ಮರದ ಹತ್ರ ಹಗ್ಗ ತಾಗಿತು.

“ಒಂದ್ಸಲ ರಿವರ್ಸ್ ತಗೋಬೇಕು. ಇಲ್ಲಾಂದ್ರೆ ಮರ ತೆಗೀಬೇಕು” ಅಂದ್ರು.

“ತಗೊಂಡ್ರಾಯ್ತಪ್ಪ, ಕ್ಯಾಮೆರಾ ಇರುತ್ತೆ.”

ಅಪ್ಪ ಹಗ್ಗ ಸುತ್ತುತ್ತಾ ಹೇಳಿದ್ರು: “ಗಾಡಿ ಬರೋಷ್ಟೊತ್ತಿಗೆ ನಂಗೆ ಅರವತ್ತೇಳು. ಲೋನ್ ಮುಗಿಯೋಷ್ಟೊತ್ತಿಗೆ ಎಪ್ಪತ್ನಾಲ್ಕು. ಅಲ್ಲೀವರೆಗೆ ಈ ಇಳಿಜಾರಲ್ಲಿ ಬಿಡೋರ್ಯಾರು ಮಗಳೇ?”

ನನ್ನ ಹತ್ರ ಉತ್ತರ ಇರಲಿಲ್ಲ. ಒಂದು ತಿಂಗಳಿಂದ ಟಾರ್ಕ್ ಎಷ್ಟು, ಸ್ಟೀರಿಂಗ್ ಯಾವುದು ಅಂತ ಎಕ್ಸೆಲ್ ಶೀಟ್ ಮಾಡಿಟ್ಟಿದ್ದೆ. ಆ ಶೀಟಿನ ಗಾಡಿಯನ್ನೆಲ್ಲ ಓಡಿಸ್ತಾ ಇದ್ದಿದ್ದು ನಾನು ಹೈಸ್ಕೂಲಲ್ಲಿದ್ದಾಗಿನ ಅಪ್ಪ, ಎರಡೂ ಭುಜ ಸರಿಯಿದ್ದ ಅಪ್ಪ. ಒಂದು ಒಳ್ಳೇ ಗಾಡಿ ಬಂದ್ರೆ ಅವರು ಹಾಗೇ ತೋಟ ನೋಡ್ಕೊಂಡು ಇರ್ತಾರೆ, ನಾನು ಹೀಗೇ ಬೆಂಗಳೂರಲ್ಲಿ ಇರಬಹುದು ಅಂತ ಲೆಕ್ಕ ಹಾಕಿದ್ದೆ. ಅದನ್ನ ಯಾರಿಗೂ ಹೇಳಿರಲಿಲ್ಲ, ನನಗೂ ಸರಿಯಾಗಿ ಹೇಳ್ಕೊಂಡಿರಲಿಲ್ಲ.

“ಬಾ, ಈ ಕಡೆ ಕೂತ್ಕೋ” ಅಂತ ಹಳೇ ಪಿಕಪ್ಪಿನ ಡ್ರೈವರ್ ಬಾಗಿಲು ತೆಗೆದ್ರು. ಬೆಂಗಳೂರಿನ ಟ್ರಾಫಿಕ್ಕಲ್ಲಿ ಐದು ವರ್ಷದಿಂದ ಕಾರು ಓಡಿಸ್ತೀನಿ. ಆ ಇಳಿಜಾರಲ್ಲಿ ಒಮ್ಮೆಯೂ ಬಿಟ್ಟಿರಲಿಲ್ಲ.

“ಫೋರ್ ವೀಲ್ ಹಾಕು, ಲೋ ಗೇರ್. ಒಂದನೇ ಗೇರಲ್ಲಿ ಬಿಡು. ಕ್ಲಚ್ ಮುಟ್ಬೇಡ, ಬ್ರೇಕ್ ಒತ್ತಿ ಹಿಡೀಬೇಡ. ಇಂಜಿನ್ನೇ ಹಿಡ್ಕೊಂಡು ಇಳಿಸುತ್ತೆ.”

ಮೊದಲನೇ ಸಲ ಹೆದರಿ ಬ್ರೇಕ್ ಒತ್ತಿದೆ, ಹಿಂದಿನ ಚಕ್ರ ಜಾರಿತು. ಅಪ್ಪ ಬೈಯಲಿಲ್ಲ. ಎರಡನೇ ಸಲ ಆಫ್ ಆಯ್ತು. ಮೂರನೇ ಸಲ ಹಳ್ಳದವರೆಗೂ ಇಳಿಸಿದೆ. ಎಂಟು ಮೂಟೆ ಹೇರಿಕೊಂಡು ಮೇಲೆ ಬಂದೆ. ರಾತ್ರಿ ಊಟಕ್ಕೆ ಕೂತಾಗ ಎರಡೂ ಭುಜ ಎತ್ತೋಕಾಗ್ಲಿಲ್ಲ. ಅಮ್ಮ ಎಣ್ಣೆ ಬಿಸಿ ಮಾಡಿ ಇಬ್ಬರಿಗೂ ಹಚ್ಚಿದ್ರು.

ಕೆಲಸ ಬಿಟ್ಟು ಊರಿಗೆ ಹೋಗ್ತೀನಿ ಅಂತ ಬರೆಯೋ ಧೈರ್ಯ ಇನ್ನೂ ಬಂದಿಲ್ಲ. ಸದ್ಯಕ್ಕೆ ಹದಿನೈದು ದಿನಕ್ಕೊಮ್ಮೆ ಶುಕ್ರವಾರ ರಾತ್ರಿ ಬಸ್ ಹತ್ತುತ್ತೀನಿ. ಕೆಳಗಿನ ಬ್ಲಾಕಿನ ಲೋಡು ನಾನು ಬಂದಾಗಲೇ, ತೀರಾ ಅರ್ಜೆಂಟ್ ಇದ್ರೆ ಪಕ್ಕದ ತೋಟದ ಡ್ರೈವರ್ ಬಂದಾಗ. ಅಪ್ಪ ಒಬ್ಬರೇ ಇಳಿಯೋ ಹಾಗಿಲ್ಲ ಅಂತ ಒಪ್ಪಂದ ಆಗಿದೆ. ಅಮ್ಮ ಸಾಕ್ಷಿ.

ಹೊಸ ಹೈಲಕ್ಸ್ ಆಸೆ ಬಿಟ್ಟಿಲ್ಲ. ಬಂದ ದಿನ ಅಪ್ಪನ್ನ ಕರ್ಕೊಂಡು ಟೆಸ್ಟ್ ಡ್ರೈವ್‌ಗೆ ಹೋಗೋದೇ. ಅಷ್ಟರಲ್ಲಿ ಆ ಎರಡನೇ ತಿರುವು ನನ್ನ ಕೈಗೆ ಬಂದಿರಬೇಕು.

ನಿನ್ನೆ ಅಪ್ಪನ ಮೆಸೇಜ್: “ಮಳೆ ಇಲ್ಲ. ರೇಟು ಹಾಗೇ ಇದೆ. ಆನೆ ಹೊಳೆಯಾಚೆ. ಹೈಲಕ್ಸ್ ಸುದ್ದಿ?”

“ಇನ್ನೂ ಇಲ್ಲಪ್ಪ. ಶುಕ್ರವಾರ ಬರ್ತೀನಿ. ಪಿಕಪ್ಪಿಗೆ ಡೀಸೆಲ್ ಹಾಕ್ಸಿಡಿ.”